ಮೂರು ಸುಗ್ಗಿ, ಒಂದು ಮಗು

ಡೋರ್ನ್‌ಬಿರ್ನ್, ಆಸ್ಟ್ರಿಯಾ
29 ಜನವರಿ 1978

ಅತ್ತೆಗೆ,

ಸುಖವಾಗಿ ಬಂದು ತಲುಪಿದ್ದೇನೆ. ಇದು ಆಸ್ಟ್ರಿಯಾದ ಕೊಟ್ಟಕೊನೆ. ಇನ್ನೊಂದು ಹೆಜ್ಜೆ ಇಟ್ಟರೆ ಸ್ವಿಟ್ಜರ್ಲೆಂಡ್. ಸುತ್ತ ಬೆಟ್ಟಗಳಿವೆ, ಆದರೆ ನಮ್ಮ ಹಾಲೊಜೆಯ ಗುಡ್ಡಗಳ ಹಾಗೆ ಮೈಮೇಲೆ ದ್ರಾಕ್ಷಿ ಹೊತ್ತವಲ್ಲ. ಬರೀ ಕಲ್ಲು, ಹಿಮ. ನೂಲಿನ ಗಿರಣಿಯಲ್ಲಿ ಕೆಲಸ. ಯಂತ್ರಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ನನಗೆ ಅದೇ ಹಿತವಾಗಿದೆ. ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ ಹೆಂಗಸರಿದ್ದೇವೆ, ಎಲ್ಲರೂ ನಮ್ಮ ದೇಶದವರೇ.

ಹೊರಡುವಾಗ ನೀವು ಮಾತಾಡಲಿಲ್ಲ. ಸಿಟ್ಟಿತ್ತು, ಗೊತ್ತು. ನಿಮ್ಮ ಅಡುಗೆಮನೆಯ ಕಿಟಕಿಯಿಂದ ಆ ಇಳಿಜಾರು ಕಾಣುತ್ತದೆ ಅತ್ತೆ. ಸ್ಲಾವ್ಕೊನ ಟ್ರ್ಯಾಕ್ಟರು ಉರುಳಿದ ಜಾಗವನ್ನು ನೋಡಿಕೊಂಡೇ ನಾನು ದಿನವೂ ಪಾತ್ರೆ ತೊಳೆಯಬೇಕಿತ್ತು. ನೀವು ಅವನನ್ನು ಹೆತ್ತವರು, ನೀವು ನೋಡುತ್ತೀರಿ, ಮತ್ತೆ ಗುದ್ದಲಿ ಹಿಡಿದು ಅಲ್ಲಿಗೇ ಹೋಗುತ್ತೀರಿ. ನನ್ನಿಂದ ಆಗಲಿಲ್ಲ.

ಒಂದು ವರ್ಷ ಅಷ್ಟೇ. ಅಲ್ಲಿಯವರೆಗೆ ಬ್ರೆದಾಳನ್ನು ನೋಡಿಕೊಳ್ಳಿ. ರಾತ್ರಿ ಅವಳ ಕಾಲು ಹೊದಿಕೆಯಿಂದ ಆಚೆ ಬಂದಿರುತ್ತದೆ. ಅವಳು ಏನು ಕೇಳಿದಳು, ಏನು ಹೇಳಿದಳು, ಬರೆಯಿರಿ.

ನಿಮ್ಮ ಸೊಸೆ,
ಸಿಲ್ವಾ


ಗೊರ್ಕಾ, ಹಾಲೊಜೆ
20 ಫೆಬ್ರವರಿ 1978

ಸಿಲ್ವಾ,

ಕಾಗದ ಬಂತು. ಪಕ್ಕದ ಮನೆಯ ಪೆಪಿ ಅಂಚೆಯವನಿಂದ ಈಸಿಕೊಂಡು ತಂದು, "ನಾನು ಓದಿ ಹೇಳ್ಲಾ ಒಟೀಲಿಯಾ?" ಅಂದ. "ನಂಗೂ ಅಕ್ಷರ ಬರುತ್ತೆ ಕಣೋ ಮೀಸೆ" ಅಂತ ಕಿತ್ತುಕೊಂಡೆ.

ಬಳ್ಳಿ ಸವರುವ ಚಾಟ್ನಿ ಕೆಲಸ ಶುರು ಮಾಡಿದ್ದೇನೆ. ಬುಡದ ಸಾಲುಗಳಿಗೆ ಕತ್ತರಿ ಹಾಕಿ ಆಯಿತು. ಶಿಪೋನ್ ದ್ರಾಕ್ಷಿಯ ಬಳ್ಳಿಗಳಲ್ಲಿ ಒಳ್ಳೆಯ ಕಡ್ಡಿ ಬಂದಿದೆ. ಹೋದ ವರ್ಷ ಸ್ಲಾವ್ಕೊ ಒಂದೊಂದು ಬಳ್ಳಿಗೂ ಎರಡು ಚಿಗುರುಗಣ್ಣು ಹೆಚ್ಚಾಗಿಯೇ ಬಿಟ್ಟಿದ್ದ. ಅವನಿಗೆ ಯಾವಾಗಲೂ ಆಸೆ ಜಾಸ್ತಿ. ಈಗ ಕತ್ತರಿಸುವಾಗ ಅವನ ಕತ್ತರಿಯ ಗುರುತು ಸಿಗುತ್ತದೆ. ಅದರ ಮೇಲೇ ನಾನು ಕತ್ತರಿ ಇಡಬೇಕು. ಬೆಟ್ಟದ ಮೇಲೆ ಗಾಳಿ ಚೂರಿಯ ಹಾಗಿದೆ. ಬೆರಳು ಮರಗಟ್ಟಿದರೆ ಜೇಬಿನಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಳ್ಳುತ್ತೇನೆ, ಆಮೇಲೆ ಅದೇ ಊಟ.

ಮಗು ಚೆನ್ನಾಗಿದೆ. ಕಾಲಿಗೆ ಉಣ್ಣೆಯ ಚೀಲ ಹಾಕಿಸಿ ಮಲಗಿಸುತ್ತೇನೆ. ಮಾತು ಕಡಿಮೆ. ನಿನ್ನ ಹಾಗೆ.

ಒಟೀಲಿಯಾ


ಡೋರ್ನ್‌ಬಿರ್ನ್
14 ಮೇ 1978

ಅತ್ತೆಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಬಳ್ಳಿಯ ವಿಷಯ ಒಂದು ಪುಟ, ಮಗುವಿನ ವಿಷಯ ಎರಡೇ ಸಾಲು! "ಮಾತು ಕಡಿಮೆ" ಅಂದರೆ ಏನರ್ಥ? ನಾನಿದ್ದಾಗ ಮಾತಿನ ಮಲ್ಲಿಯಾಗಿದ್ದಳಲ್ಲ. ನನ್ನನ್ನು ಕೇಳುತ್ತಾಳಾ?

ಇಲ್ಲಿ ಈಚೆಗೆ ಬೆಳಿಗ್ಗೆ ಹೆಪ್ಪುಗಟ್ಟುವಷ್ಟು ಚಳಿ. ತಮ್ಮ ಹಬ್ಬದ ದಿನಗಳಲ್ಲಿ ಹಿಮ ತರುವ ಮೇ ತಿಂಗಳ ಆ ಮೂವರು ಚಳಿ ಸಂತರು ಅಲ್ಲಿಗೂ ಬಂದರೇ? ಚಿಗುರು ಉಳಿಯಿತೇ?

ಸಿಲ್ವಾ


ಗೊರ್ಕಾ
28 ಮೇ 1978

ಸಿಲ್ವಾ,

ಬಂದರು. ಮೂವರು ಸಂತರೂ ಬಂದರು, ಅವರ ಮರುದಿನದ ಮಳೆ ಸೋಫಿಯಾಳೂ ಹಿಂದಿನಿಂದ ಬಂದಳು. ಪೆಪಿಯೂ ನಾನೂ ಒದ್ದೆ ಹುಲ್ಲು ಸುಟ್ಟು ಬೆಳಗಿನ ಜಾವದಿಂದ ಹೊಗೆ ಹಾಕಿದೆವು. ಚಳಿ ಎಂಬುದು ನೀರಿನ ಹಾಗೆ, ತಗ್ಗಿಗೆ ಇಳಿದು ನಿಲ್ಲುತ್ತದೆ. ತಳದ ಮೂರು ಸಾಲಿನ ಚಿಗುರು ಸುಟ್ಟು ತಂಬಾಕಿನ ಎಲೆಯ ಹಾಗೆ ಕಪ್ಪಾಯಿತು. ಮೇಲಿನವು ಉಳಿದವು. ಉಳಿದದ್ದು ಸಾಕು.

ಬ್ರೆದಾ ನಿನ್ನನ್ನು ಕೇಳುತ್ತಾಳೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಬಳ್ಳಿಗೆ ಸಿಂಪಡಿಸುವ ಮೈಲುತುತ್ತ ಕಲಸುವಾಗ ಹತ್ತಿರ ಬಂದು ಗೌನು ಪೂರಾ ನೀಲಿ ಮಾಡಿಕೊಂಡಳು, ಎರಡು ಏಟು ಕೊಟ್ಟೆ. ಇನ್ನೇನು ಬರೆಯಲಿ? ಆಗಸ್ಟ್ ರಜೆಗೆ ಬರುತ್ತೀಯಲ್ಲ, ನೀನೇ ನೋಡು.

ಒಟೀಲಿಯಾ


ಗೊರ್ಕಾ
29 ಅಕ್ಟೋಬರ್ 1978

ಸಿಲ್ವಾ,

ಸುಗ್ಗಿ ಮುಗಿಯಿತು. ಆಗಸ್ಟಿನಲ್ಲಿ ನೀನು ಇದ್ದ ಹದಿನೈದು ದಿನ ಹಸಿರು ಹಸಿರಾಗಿದ್ದ ಗೊಂಚಲು ಕೊನೆಗೂ ಹಣ್ಣಾಯಿತು. ನಮ್ಮದು ಚಳಿಯ ಸೀಮೆ. ಸೆಪ್ಟೆಂಬರಿನ ಬಿಸಿಲು ದೇವರು ಕೈಯಾರೆ ಕೊಟ್ಟರೆ ಸಿಹಿ, ಇಲ್ಲದಿದ್ದರೆ ವಿನೆಗರು. ಈ ಸಲ ಕೊಟ್ಟ.

ಪೆಪಿ ಎಂದಿನ ಹಾಗೆ ಬೆನ್ನಿಗೆ ಮರದ ಕೊಳಗ ಕಟ್ಟಿಕೊಂಡು ಸಾಲುಗಳ ನಡುವೆ ಹತ್ತಿ ಇಳಿದು ಮಾಡಿದ. "ಯಾರಮ್ಮ ಅದು ಗೊಂಚಲು ಬಿಟ್ಟಿರೋದು? ಬಿಟ್ಟೋರಿಗೆ ಹೊರೋನು ಮುತ್ತು ಕೊಡ್ಬೇಕು, ಅದು ಪದ್ಧತಿ!" ಅಂತ ಕೂಗಿದ. "ನಿನ್ನ ಮೀಸೆ ತಾಕೋದಕ್ಕಿಂತ ಮುಳ್ಳುಹಂದಿನ ಅಪ್ಪಿಕೊಳ್ಳೋದು ವಾಸಿ" ಅಂದೆ. ಎಲ್ಲರೂ ನಕ್ಕರು. ಸ್ಲಾವ್ಕೊ ಇಲ್ಲದೆ ನಗುವುದು ಹೇಗೆಂದು ಹೋದ ವರ್ಷ ಯಾರಿಗೂ ಗೊತ್ತಿರಲಿಲ್ಲ. ನಕ್ಕ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಕೊಯ್ಯುತ್ತಲೇ ಇದ್ದೆ.

ಬ್ರೆದಾ ಗಾಣದ ಹತ್ತಿರ ನಿಂತು ಹಸಿ ರಸ ಕುಡಿದು ಹೊಟ್ಟೆ ಕೆಡಿಸಿಕೊಂಡಳು. ಈಗ ಸರಿಹೋಗಿದೆ.

ಜನವರಿಗೆ ನೀನು ಹೇಳಿದ ಒಂದು ವರ್ಷ ತುಂಬುತ್ತದೆ.

ಒಟೀಲಿಯಾ


ಡೋರ್ನ್‌ಬಿರ್ನ್
15 ಜುಲೈ 1979

ಅತ್ತೆಗೆ,

ಈ ಸಲ ಆಗಸ್ಟಿಗೆ ಬರಲು ಆಗುವುದಿಲ್ಲ. ಗಿರಣಿಯಲ್ಲಿ ರಜೆ ಕೊಡುತ್ತಿಲ್ಲ. ಬ್ರೆದಾಗೆ ಹೇಗೆ ಹೇಳುವುದೋ ನೀವೇ ನೋಡಿ. ಅವಳಿಗೊಂದು ಮಳೆಕೋಟು, ನಿಮಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಜನವರಿಯಲ್ಲಿ ಇನ್ನೊಂದು ವರ್ಷ ಅಂತ ಬರೆದಿದ್ದೆ, ಇನ್ನೂ ಸ್ವಲ್ಪ ಆಗಬಹುದು. ಕೇಳಬೇಡಿ, ಬಂದಾಗ ಎಲ್ಲಾ ಹೇಳುತ್ತೇನೆ.

ಸಿಲ್ವಾ


ಗೊರ್ಕಾ
26 ಆಗಸ್ಟ್ 1979

ಸಿಲ್ವಾ,

ರಜೆ ಕೊಡದಿದ್ದರೆ ಏನು ಮಾಡಲಿಕ್ಕಾಗುತ್ತದೆ. ಮಗುವಿಗೆ ಹೇಳಿದೆ. ತಲೆಯಾಡಿಸಿ ಕೋಳಿಗಳ ಹಿಂದೆ ಹೋದಳು. ಮಳೆಕೋಟು ಮೊಣಕಾಲಿಗೂ ಬರುವುದಿಲ್ಲ. ಅವಳು ಎಷ್ಟು ಬೆಳೆದಿದ್ದಾಳೆಂದು ನಿನಗೆ ಹೇಗೆ ಗೊತ್ತಾಗಬೇಕು.

ಹಕ್ಕಿ ಬೆದರಿಸುವ ಮರದ ಗಾಳಿಚಕ್ರವನ್ನು ಪೆಪಿ ಕಂಬಕ್ಕೆ ಏರಿಸಿದ್ದಾನೆ. ಹಗಲೆಲ್ಲ ಪಟಪಟ ಬಡಿದುಕೊಳ್ಳುತ್ತದೆ. ಹೋದ ವಾರ ಸ್ವಲ್ಪ ಆಲಿಕಲ್ಲು ಬಿತ್ತು. ಚಿಂತೆ ಇಲ್ಲ.

ಒಟೀಲಿಯಾ


ಡೋರ್ನ್‌ಬಿರ್ನ್
23 ಸೆಪ್ಟೆಂಬರ್ 1979

ಅತ್ತೆಗೆ,

ಬಹಳ ದಿನದಿಂದ ಬರೆಯಬೇಕು ಅಂದುಕೊಂಡದ್ದನ್ನು ಇವತ್ತು ಬರೆಯುತ್ತಿದ್ದೇನೆ. ಹಾಸ್ಟೆಲು ಬಿಟ್ಟು ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಹತ್ತಿರದಲ್ಲೇ ಶಾಲೆ ಇದೆ. ನಮ್ಮ ಕಡೆಯ ಮಕ್ಕಳೂ ಅಲ್ಲಿ ಓದುತ್ತಾರೆ. ಬರುವ ವರ್ಷ ಬ್ರೆದಾ ಶಾಲೆಗೆ ಸೇರುವ ವಯಸ್ಸು. ಅವಳನ್ನು ಇಲ್ಲಿಗೆ ಕರೆದುಕೊಳ್ಳಬೇಕೆಂದಿದ್ದೇನೆ.

ನಿಮ್ಮಿಂದ ಕಿತ್ತುಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮಗೂ ವಯಸ್ಸಾಯಿತು. ತೋಟವೇ ನಿಮ್ಮನ್ನು ಹಣ್ಣು ಮಾಡುತ್ತಿದೆ, ಅದರ ಮೇಲೆ ಮಗು ಬೇರೆ. ನಿಮ್ಮ ಹೊರೆ ಇಳಿಯಲಿ ಅಂತಲೂ ಯೋಚಿಸಿದೆ. ಉತ್ತರ ಬರೆಯಿರಿ.

ಸಿಲ್ವಾ


ಡೋರ್ನ್‌ಬಿರ್ನ್
4 ನವೆಂಬರ್ 1979

ಅತ್ತೆ, ನನ್ನ ಕಾಗದ ತಲುಪಿತೇ? ಸುಗ್ಗಿಯ ಗಡಿಬಿಡಿ ಅಂದುಕೊಂಡಿದ್ದೆ. ಅದೂ ಮುಗಿದಿರಬೇಕು. ಒಂದು ಸಾಲಾದರೂ ಬರೆಯಿರಿ.

ಸಿಲ್ವಾ


ಗೊರ್ಕಾ
25 ನವೆಂಬರ್ 1979

ಸಿಲ್ವಾ,

ತಲುಪಿತ್ತು. ಹೊರೆ ಎಂಬ ಮಾತನ್ನೂ ಓದಿದೆ. ನನ್ನ ಬೆನ್ನ ಮೇಲೆ ಏನೇನು ಹೊರೆ ಇದೆ ಅಂತ ನಿನಗೆ ಗೊತ್ತಿಲ್ಲ, ಆದರೆ ಈ ಮಗು ಅದರಲ್ಲಿ ಒಂದಲ್ಲ.

ಹೊಸ ವೈನು ತೆರೆಯುವ ಮಾರ್ತಿನ್ ಹಬ್ಬಕ್ಕೆ ಪೆಪಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಹೆಬ್ಬಾತು ಹುರಿದಿದ್ದರು. ಅವನ ತಂಗಿಯ ಮಗಳು ಮಾರಿತ್ಸಾ ಬಂದಿದ್ದಳು, ನಿನ್ನದೇ ಗಿರಣಿಯಲ್ಲಿ ಕೆಲಸ ಮಾಡುವವಳು. ತುಂಬಿದ ಪಂಕ್ತಿಯಲ್ಲಿ, "ಒಟೀಲಿಯಾ ಅತ್ತೆ, ಆಗಸ್ಟ್ ರಜೇಲಿ ನಿಮ್ ಸಿಲ್ವಾ ಬೋಸ್ನಿಯಾಕ್ಕೆ ಹೋಗಿದ್ಳಲ್ಲ, ಬಿಸ್ಲಿಗೆ ಎಷ್ಟು ಚೆಂದ ಕೆಂಪಾಗಿ ಬಂದ್ಳು ಗೊತ್ತಾ! ಆ ರಾಸಿಮ್ ಕೂಡ ಒಳ್ಳೆ ಮನುಷ್ಯ ಬಿಡಿ" ಅಂದಳು. ಬ್ರೆದಾ ನನ್ನ ಪಕ್ಕದಲ್ಲೇ ಕೂತು ಮೂಳೆ ಚೀಪುತ್ತಿದ್ದಳು.

ನಿನಗೆ ಮೂವತ್ತೂ ಆಗಿಲ್ಲ. ಒಬ್ಬಳೇ ಇರು ಅಂತ ನಾನು ಎಂದೂ ಹೇಳಿಲ್ಲ, ಹೇಳುವವಳೂ ಅಲ್ಲ. ಆದರೆ ರಜೆ ಇಲ್ಲ ಅಂತ ಬರೆದೆಯಲ್ಲ, ಆ ಸುಳ್ಳನ್ನು ನಾನು ಮಗುವಿಗೆ ನನ್ನ ಬಾಯಿಂದ ಹೇಳಿದೆ. ಈಗ ಎರಡು ಕೋಣೆಯ ಮನೆ ಯಾಕೆ, ಶಾಲೆ ಯಾಕೆ ಎಂಬುದೂ ತಿಳಿಯಿತು. ನನ್ನ ಮಗನ ಮಗಳು ಇನ್ನೊಬ್ಬನನ್ನು ಅಪ್ಪ ಅನ್ನಬೇಕು, ಅದಕ್ಕೆ.

ಆ ದಿನ ಮೇಜಿನ ಮೇಲಿದ್ದದ್ದು ಪೆಪಿಯ ವೈನು. ನಮ್ಮದು ಈ ವರ್ಷ ಇಲ್ಲವೇ ಇಲ್ಲ. ಆಲಿಕಲ್ಲು ಸ್ವಲ್ಪ ಬಿದ್ದದ್ದಲ್ಲ, ಎಲೆಯನ್ನೂ ಬಿಡದೆ ಬಡಿದು ಹಾಕಿತು. ಕೊಯ್ಯಲಿಕ್ಕೆ ಏನೂ ಇರಲಿಲ್ಲ. ಇದನ್ನೂ ತಿಳಿದುಕೊ.

ಒಟೀಲಿಯಾ


ಡೋರ್ನ್‌ಬಿರ್ನ್
9 ಡಿಸೆಂಬರ್ 1979

ಅತ್ತೆಗೆ,

ಸುಳ್ಳು ಬರೆದದ್ದು ತಪ್ಪು. ಅದಕ್ಕೆ ಸಮಜಾಯಿಷಿ ಇಲ್ಲ. ಸತ್ಯ ಬರೆದರೆ ನೀವು ಬಾಗಿಲು ಹಾಕುತ್ತೀರಿ ಅಂತ ಹೆದರಿದೆ.

ರಾಸಿಮ್ ಬಣ್ಣದ ವಿಭಾಗದಲ್ಲಿದ್ದಾನೆ. ಬೋಸ್ನಿಯಾದ ಹಳ್ಳಿಯವನು, ಮುಸಲ್ಮಾನ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಒಂದು ವರ್ಷ ನಾವಿಬ್ಬರೂ ಊಟದ ಮನೆಯಲ್ಲಿ ಎದುರುಬದುರು ಕೂತು ಸುಮ್ಮನೆ ಉಂಡೆವು. ಸುಮ್ಮನಿರಲು ಬರುವ ಮನುಷ್ಯ ಸಿಗುವುದು ಕಷ್ಟ ಅತ್ತೆ. ಅವನ ತಾಯಿ ನೋಡಬೇಕು ಅಂದಳು, ಹೋದೆ. ಆ ಹದಿನೈದು ದಿನವೂ ಬ್ರೆದಾಳ ನೆನಪಲ್ಲಿ ನನಗೆ ಅನ್ನ ಇಳಿಯಲಿಲ್ಲ. ಮಾರಿತ್ಸಾಗೆ ಕಂಡದ್ದು ನನ್ನ ಕೆಂಪು ಮುಖ ಮಾತ್ರ.

ಅವನು ವೈನು ಕುಡಿಯುವುದಿಲ್ಲ. ಇದನ್ನೂ ಯಾರಾದರೂ ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನೀವು ಆಲಿಕಲ್ಲನ್ನು ಮುಚ್ಚಿಟ್ಟಿರಿ. ನಾನು ಅಷ್ಟು ಪರಕೀಯಳಾದೆನೇ? ಆ ಬಳ್ಳಿಗಳನ್ನು ನಾನೂ ಐದು ವರ್ಷ ಕಟ್ಟಿದ್ದೇನೆ.

ಬ್ರೆದಾ ನನ್ನ ಮಗಳು. ಅವಳು ನನಗೆ ಬೇಕು.

ಸಿಲ್ವಾ


ಗೊರ್ಕಾ
2 ಮಾರ್ಚ್ 1980

ಸಿಲ್ವಾ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ಜನವರಿಯಲ್ಲಿ ಬ್ರೆದಾಗೆ ನ್ಯುಮೋನಿಯಾ ಆಗಿತ್ತು. ರಸ್ತೆ ಪೂರಾ ಹಿಮ. ಪೆಪಿ ಹೆಗಲ ಮೇಲೆ ಹೊತ್ತು ಕಣಿವೆಗೆ ಇಳಿಸಿ, ಅಲ್ಲಿಂದ ಪ್ತುಯ್ ಪಟ್ಟಣದ ಆಸ್ಪತ್ರೆಗೆ ಸೇರಿಸಿದ. ಎರಡು ವಾರ ಅಲ್ಲೇ ಇದ್ದೆವು. ಈಗ ಪೂರ್ತಿ ಗುಣವಾಗಿದೆ. ಕೆನ್ನೆಗೆ ಬಣ್ಣ ಬಂದಿದೆ, ಬೇಕಾದ್ದು ತಿನ್ನುತ್ತಾಳೆ. ನೀನು ಅಷ್ಟು ದೂರದಿಂದ ಏನು ಮಾಡಲು ಸಾಧ್ಯವಿತ್ತು? ಸುಮ್ಮನೆ ಹೆದರಿಸುವುದು ಬೇಡವೆಂದು ತಿಳಿಸಲಿಲ್ಲ.

ಚಾಟ್ನಿ ಎಲ್ಲಾ ಮುಗಿದಿದೆ.

ಒಟೀಲಿಯಾ


ಡೋರ್ನ್‌ಬಿರ್ನ್
10 ಮಾರ್ಚ್ 1980

ಏನು ಮಾಡಲು ಸಾಧ್ಯವಿತ್ತು? ಹಾಸಿಗೆಯ ಪಕ್ಕ ಕೂರಬಹುದಿತ್ತು. ನನ್ನ ಮಗಳು ಸತ್ತಿದ್ದರೂ ಮಾರ್ಚಿಗೆ ತಿಳಿಸುತ್ತಿದ್ದಿರೇನೋ.

ಈಸ್ಟರಿಗೆ ಬರುತ್ತೇನೆ. ಅವಳ ಬಟ್ಟೆ ಕಟ್ಟಿಡಿ.

ಸಿಲ್ವಾ


ಡೋರ್ನ್‌ಬಿರ್ನ್
13 ಏಪ್ರಿಲ್ 1980

ಅತ್ತೆಗೆ,

ಒಬ್ಬಳೇ ಬಂದು ಸೇರಿದ್ದೇನೆ. ರೈಲಿನಲ್ಲಿ ನೀವು ಕಟ್ಟಿಕೊಟ್ಟ ಗಿಣ್ಣಿನ ರೊಟ್ಟಿಯನ್ನು ಎದುರಿಗೆ ಕೂತಿದ್ದವರಿಗೆ ಕೊಟ್ಟುಬಿಟ್ಟೆ.

ನಿಮ್ಮೆದುರು ಹೇಳಲಾರದ್ದನ್ನು ಬರೆಯುತ್ತೇನೆ. ಅವಳು ನಿಮ್ಮ ಲಂಗದ ಹಿಂದೆ ಅವಿತುಕೊಂಡು "ಅಜ್ಜಿ, ಈ ಆಂಟಿ ಯಾವಾಗ ಹೋಗ್ತಾರೆ?" ಅಂತ ಕೇಳಿದಳಲ್ಲ, ನಾನು ಒಲೆಯ ಕಡೆ ತಿರುಗಿ ನಿಂತದ್ದು ಕಣ್ಣೀರು ಒರೆಸಿಕೊಳ್ಳಲು ಅಲ್ಲ. ಕಣ್ಣೀರೂ ಬರಲಿಲ್ಲ. ಒಳಗೆ ಎಲ್ಲಾ ಖಾಲಿಯಾದ ಹಾಗಾಯಿತು. ಬಲವಂತವಾಗಿ ಎತ್ತಿಕೊಂಡು ಬರಬಹುದಿತ್ತು. ಕಾನೂನು ನನ್ನ ಕಡೆಗಿತ್ತು. ಗುರುತಿಲ್ಲದ ಹೆಂಗಸು ತನ್ನನ್ನು ಹೊತ್ತೊಯ್ದಳು ಅಂತ ಅವಳು ಜೀವಮಾನವೆಲ್ಲ ನೆನಪಿಟ್ಟುಕೊಳ್ಳುತ್ತಿದ್ದಳು. ಅದಕ್ಕೇ ಬಿಟ್ಟುಬಂದೆ.

ಇನ್ನೊಂದು. ಚಾಟ್ನಿ ಎಲ್ಲಾ ಮುಗಿದಿದೆ ಅಂತ ಬರೆದಿದ್ದಿರಿ. ಮೇಲಿನ ಸಾಲುಗಳಿಗೆ ಎರಡು ವರ್ಷದಿಂದ ಯಾರೂ ಕತ್ತರಿ ಹಾಕಿಲ್ಲ. ಬಳ್ಳಿ ಕಾಡಾಗಿ ನೆಲಕ್ಕೆ ಬಿದ್ದಿದೆ. ನೀವು ಗೂಟಗಳನ್ನು ಹಿಡಿದು ಹಿಡಿದು ಹತ್ತುತ್ತೀರಿ, ಮೂರು ಸಾಲಿಗೊಮ್ಮೆ ನಿಲ್ಲುತ್ತೀರಿ. ಸೊಂಟಕ್ಕೆ ಏನಾಗಿದೆ? ಯಾಕೆ ಹೇಳಲಿಲ್ಲ?

ಸಿಲ್ವಾ


ಗೊರ್ಕಾ
11 ಮೇ 1980

ಸಿಲ್ವಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆಯಲು ಕೂತೆ, ಹರಿದು ಒಲೆಗೆ ಹಾಕಿದೆ, ಮತ್ತೆ ಕೂತೆ.

ಸೊಂಟದ ಕೀಲು ಸವೆದಿದೆಯಂತೆ. ಡಾಕ್ಟರು "ಇನ್ಮೇಲೆ ಗುಡ್ಡ ಹತ್ತಬೇಡಿ" ಅಂದ. "ನಮ್ಮೂರಲ್ಲಿ ಸಮತಟ್ಟು ನೆಲ ಇರೋದು ಸ್ಮಶಾನದಲ್ಲಿ ಮಾತ್ರ ಕಣಪ್ಪ" ಅಂದೆ. ನಿನಗೆ ಹೇಳಿದ್ದರೆ ಮಗುವನ್ನು ಕರೆದುಕೊಂಡು ಹೋಗಲು ಅದೇ ಕಾರಣವಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಈಗ ಬ್ರೆದಾಳ ವಿಷಯ. ನೀನು ಹೋದ ಮೊದಲ ಚಳಿಗಾಲ ಅವಳು ದಿನವೂ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಎತ್ತಿ ಒಳಗೆ ತಂದರೆ ಕಾಲು ಬಡಿದು ಅಳುವಳು. ನಿನ್ನ ಮಾತೆತ್ತಿದರೆ ಅಳು ಇನ್ನೂ ಜಾಸ್ತಿ. ಆದ್ದರಿಂದ ಮಾತೆತ್ತುವುದನ್ನೇ ಬಿಟ್ಟೆ. ಅಳು ನಿಂತಿತು. ಅದರ ಜೊತೆ ನಿನ್ನ ಹೆಸರೂ ನಿಂತುಹೋಯಿತು. ನೀನು ಮೊದಲ ಆಗಸ್ಟಿನಲ್ಲಿ ಬಂದು ಹೋದ ಮೇಲೆ ಮತ್ತೆ ಗೇಟು, ಮತ್ತೆ ಅಳು. ಎರಡನೆಯ ಆಗಸ್ಟಿನಲ್ಲಿ ನೀನು ಬರಲಿಲ್ಲ. ನಿಜ ಹೇಳಲೇ? ನನಗೆ ಸಮಾಧಾನವಾಯಿತು.

ಅವಳು ನಿನ್ನನ್ನು ಆಂಟಿ ಅಂದಾಗ ನನ್ನೊಳಗೆ ಏನೋ ಗೆದ್ದ ಹಾಗೆ ಎದ್ದಿತು. ಒಂದೇ ಕ್ಷಣ. ಆಮೇಲೆ ಒಲೆಯ ಕಡೆ ತಿರುಗಿದ ನಿನ್ನ ಬೆನ್ನು ನೋಡಿದೆ. ಸ್ಲಾವ್ಕೊನನ್ನು ಮನೆಗೆ ಹೊತ್ತು ತಂದ ದಿನ ನಾನೂ ಅದೇ ಒಲೆಯ ಕಡೆ ತಿರುಗಿ ಹಾಗೆಯೇ ನಿಂತಿದ್ದೆ. ಆಗ ನೀನು ಬಂದು ನನ್ನ ಭುಜದ ಮೇಲೆ ಕೈಯಿಟ್ಟಿದ್ದೆ. ನಾನು ನಿನ್ನ ಭುಜದ ಮೇಲೆ ಕೈಯಿಡಲಿಲ್ಲ.

ನಿನ್ನೆಯಿಂದ ಅವಳಿಗೆ ನಿನ್ನ ಕಥೆ ಹೇಳಲು ಶುರು ಮಾಡಿದ್ದೇನೆ. ನೀನು ಮದುವೆಯಾಗಿ ಬಂದ ವರ್ಷ ವೈನಿನ ಪೀಪಾಯಿ ತೊಳೆಯಲು ಒಳಗೆ ಇಳಿದು ಸಿಕ್ಕಿಹಾಕಿಕೊಂಡದ್ದು ಹೇಳಿದೆ. "ಆಮೇಲೆ? ಆಮೇಲೆ ಹೆಂಗ್ ತೆಗೆದ್ರಿ ಅಮ್ಮನ್ನ?" ಅಂತ ಕೇಳಿದಳು. ಅಮ್ಮ ಅಂದಳು, ನಾನು ಹೇಳಿಕೊಡಲಿಲ್ಲ. ಆದರೆ ನನಗೆ ಗೊತ್ತಿರುವುದು ನೀನು ನಮ್ಮ ಮನೆಗೆ ಬಂದ ಮೇಲಿನದು ಮಾತ್ರ. ಚಿಕ್ಕವಳಾಗಿದ್ದಾಗಿನದು ಬರೆದು ಕಳಿಸು.

ಒಟೀಲಿಯಾ


ಡೋರ್ನ್‌ಬಿರ್ನ್
8 ಜೂನ್ 1980

ಅತ್ತೆಗೆ,

ಹೇಳಿ ಅವಳಿಗೆ: ನನಗೆ ಏಳು ವರ್ಷವಾಗಿದ್ದಾಗ ದ್ರಾವಾ ನದಿಯ ದೋಣಿಯವನು ಬೈದನೆಂದು ಅವನ ದೋಣಿಯ ಹಗ್ಗ ಬಿಚ್ಚಿಬಿಟ್ಟಿದ್ದೆ. ಅಪ್ಪ ಹೊಡೆಯಲು ಬಂದಾಗ ಕುಂಬಳಕಾಯಿಗಳ ರಾಶಿಯಲ್ಲಿ ಅವಿತು ಅಲ್ಲೇ ನಿದ್ದೆಹೋದೆ. ಊರೆಲ್ಲ ಹೊಳೆಯಲ್ಲಿ ಹುಡುಕಿತು. ಹೇಳಿ: ಅವಳು ಹುಟ್ಟಿದಾಗ ಅವಳಪ್ಪ ಗುಡ್ಡದ ನೆತ್ತಿಯಿಂದ ಕೂಗಿದ್ದು ಕಣಿವೆಯ ಆಚೆ ಬದಿಗೆ ಕೇಳಿಸಿತ್ತು. ಮುಂದಿನ ಕಾಗದದಲ್ಲಿ ಇನ್ನಷ್ಟು ಬರೆಯುತ್ತೇನೆ.

ನನ್ನ ಭುಜದ ವಿಷಯ ಬಿಟ್ಟುಬಿಡಿ. ಸೊಂಟಕ್ಕೆ ಮುಲಾಮು ಕಳಿಸಿದ್ದೇನೆ, ರಾಸಿಮ್ ಹುಡುಕಿ ತಂದದ್ದು. ಹಚ್ಚುವುದು ಬಿಡುವುದು ನಿಮಗೆ ಸೇರಿದ್ದು.

ಸಿಲ್ವಾ


ಗೊರ್ಕಾ
14 ಸೆಪ್ಟೆಂಬರ್ 1980

ಸಿಲ್ವಾ,

ಹಚ್ಚಿದೆ. ಕುದುರೆಯ ಲಾಯದ ವಾಸನೆ, ಆದರೆ ಕೆಲಸ ಮಾಡುತ್ತದೆ.

ಈ ವರ್ಷ ಎಲ್ಲಾ ತಡ. ಹೂವು ತಡ, ಕಾಯಿ ತಡ, ಹಣ್ಣು ಇನ್ನೂ ಹುಳಿ. ಅಕ್ಟೋಬರ್ ಕೊನೆಗೆ ಕೊಯ್ಲು ಇಟ್ಟುಕೊಂಡಿದ್ದೇನೆ. ನೀನು ಬಾ. ಅವನನ್ನೂ ಕರೆದುಕೊಂಡು ಬಾ. ಪೆಪಿಗೆ ಮಂಡಿ ನೋವು, ಕೊಳಗ ಹೊರಲು ಆಳು ಬೇಕು.

ದೋಣಿಯ ಕಥೆಯನ್ನು ಬ್ರೆದಾ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಕೊಯ್ಲು ಮುಗಿದ ಮೇಲೆ ನಿನ್ನ ಜೊತೆ ಹೊರಡಬೇಕು ಅಂತ ಅವಳಿಗೆ ಹೇಳಿದ್ದೇನೆ. ನಾನೇ ಹೇಳಿದ್ದೇನೆ.

ಒಟೀಲಿಯಾ


ಗೊರ್ಕಾ
12 ನವೆಂಬರ್ 1980

ಸಿಲ್ವಾ,

ಕೊಯ್ಲು ಮುಗಿಸಿ ನೀವು ಮೂವರೂ ಹೊರಟಾಗ ನಾನು ಎಲ್ಲಿ ಹೋದೆ ಅಂತ ಹುಡುಕಿದೆಯಂತೆ, ಪೆಪಿ ಹೇಳಿದ. ಗಾಣದ ಮನೆಯಲ್ಲಿದ್ದೆ. ಕಾರಿನ ಸದ್ದು ಕಣಿವೆಗೆ ಇಳಿದು ನಿಲ್ಲುವವರೆಗೂ ಹಿಂಡಿದ ಸಿಪ್ಪೆಯನ್ನೇ ಸಲಿಕೆಯಿಂದ ಅತ್ತಿಂದಿತ್ತ ಹಾಕುತ್ತಿದ್ದೆ. ಬ್ರೆದಾ ನನ್ನನ್ನು ಕೂಗಿದ್ದು ಕೇಳಿಸಿತು. ಹೊರಗೆ ಬಂದಿದ್ದರೆ ಕಳಿಸುತ್ತಿರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಮಾತಿದೆ. ಕೊಯ್ಲಿನ ಎರಡನೆಯ ದಿನ ನೀವೆಲ್ಲ ನಡುವಿನ ಸಾಲಿನಲ್ಲಿದ್ದಾಗ ರಾಸಿಮ್ ಕೊಳಗ ಹೊತ್ತು ಆ ಇಳಿಜಾರಿನ ಹತ್ತಿರ ಬಂದ. ನಾನು ಅಲ್ಲೇ ಇದ್ದೆ. "ಕುಡಿಯದೋನು ದ್ರಾಕ್ಷಿ ಯಾಕಯ್ಯ ಹೊರ್ತೀಯ?" ಅಂತ ಕೆಣಕಿದೆ. "ಭಾರ ಇದೆ, ಹೊರ್ತಾ ಇದೀನಿ. ಕುಡಿಯೋರು ಕುಡೀಲಿ ಬಿಡಿ ಅಮ್ಮ" ಅಂದ. ಇನ್ನೂ ಕೆಣಕಿದೆ. "ಮಗು ನಿನ್ನನ್ನ ಏನಂತ ಕರೀಬೇಕು ಅಂತಿದೀಯ?" ಅಂದೆ. ಕೊಳಗವನ್ನು ಬೆನ್ನಿಂದ ಇಳಿಸಿದ. ಅಷ್ಟು ಹೊತ್ತು ಸುಮ್ಮನಿದ್ದ, ನೀನು ಬರೆದದ್ದು ನಿಜ, ಅವನಿಗೆ ಸುಮ್ಮನಿರಲು ಬರುತ್ತದೆ. ಆಮೇಲೆ, "ರಾಸಿಮ್ ಅಂತ. ಅವಳಿಗೆ ಅಪ್ಪ ಇದ್ದಾರಲ್ಲ. ಎಲ್ಲಿ ಬಿದ್ದಿದ್ದು ಅವ್ರು, ತೋರಿಸ್ತೀರಾ?" ಅಂದ.

ತೋರಿಸಿದೆ. ಅಲ್ಲಿ ಅಂಗೈ ಬಿಡಿಸಿಕೊಂಡು ತನ್ನ ಪದ್ಧತಿಯಂತೆ ಏನೋ ಹೇಳಿಕೊಂಡ. ನಾನು ಶಿಲುಬೆಯ ಗುರುತು ಮಾಡಿದೆ. ಇಬ್ಬರೂ ಕೆಳಗೆ ಇಳಿದೆವು. ಇಳಿಯುವಾಗ ತೋಳು ಕೊಟ್ಟ, ಹಿಡಿದುಕೊಂಡೆ. ಗೂಟಕ್ಕಿಂತ ಗಟ್ಟಿ.

ನಿನ್ನೆ ಮಾರ್ತಿನ್ ಹಬ್ಬ. ರಸ ವೈನಾಯಿತು. ಹುಳಿಯಿದೆ, ಆದರೆ ನೇರವಾಗಿದೆ. ಒಬ್ಬಳೇ ಒಂದು ಲೋಟ ಕುಡಿದು ಮಲಗಿದೆ. ಮಗು ಹೇಗಿದೆ?

ಒಟೀಲಿಯಾ


ಡೋರ್ನ್‌ಬಿರ್ನ್
14 ಡಿಸೆಂಬರ್ 1980

ಅತ್ತೆಗೆ,

ಬ್ರೆದಾ ಚೆನ್ನಾಗಿದ್ದಾಳೆ. ಶಾಲೆಗೆ ಸೇರಿಸಿದ್ದೇವೆ. ಭಾಷೆ ಇನ್ನೂ ಬರುವುದಿಲ್ಲ, ಬರುತ್ತದೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ನೀವು ಚಿಂತೆ ಮಾಡಬೇಡಿ, ಎಲ್ಲಾ ಚೆನ್ನಾಗಿದೆ. ನಿಮ್ಮನ್ನು ಕೇಳುತ್ತಾಳೆ. ರಾಸಿಮ್ ಅವಳಿಗೆ ಹಿಮದ ಮೇಲೆ ಜಾರುವ ಗಾಡಿ ಮಾಡಿಕೊಟ್ಟಿದ್ದಾನೆ. ಮಾತು ಸ್ವಲ್ಪ ಕಡಿಮೆ, ಅಷ್ಟೇ. ಎಲ್ಲಾ ಚೆನ್ನಾಗಿದೆ.

ಕ್ರಿಸ್‌ಮಸ್ಸಿಗೆ ಒಬ್ಬರೇ ಇರಬೇಡಿ, ಪೆಪಿಯ ಮನೆಗೆ ಹೋಗಿ.

ಸಿಲ್ವಾ


ಗೊರ್ಕಾ
11 ಜನವರಿ 1981

ಸಿಲ್ವಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಮಾತು ಕಡಿಮೆ. ಹೀಗೆ ಬರೆಯುವುದನ್ನು ನೀನು ಯಾರಿಂದ ಕಲಿತೆಯೋ ನನಗೆ ಗೊತ್ತು. ಮಗು ಊಟ ಮಾಡುತ್ತಿಲ್ಲ. ಕಿಟಕಿಯಲ್ಲಿ ನಿಲ್ಲುತ್ತಾಳೆ. ನಿನ್ನ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ಹೌದೋ ಅಲ್ಲವೋ?

ನೀನು ಹೌದು ಅಂತ ಬರೆಯಲಿ ಎಂದು ಕಾಯುವುದಿಲ್ಲ. 23ನೇ ತಾರೀಖು ಶುಕ್ರವಾರದ ರೈಲಿಗೆ ಹೊರಡುತ್ತೇನೆ. ಪೆಪಿ ಪ್ತುಯ್‌ವರೆಗೆ ಬಂದು ಹತ್ತಿಸುತ್ತಾನೆ. "ಮಾರಿಬೋರ್ ದಾಟಿ ಹೋದೋಳಲ್ಲ ನೀನು, ಆ ಕಡೆ ಭಾಷೆ ಏನು ಮಾತಾಡ್ತೀಯ?" ಅಂತ ಗೇಲಿ ಮಾಡಿದ. "ಬೈಯೋಕೆ ಭಾಷೆ ಬೇಕಾಗಲ್ಲ" ಅಂದೆ.

ತೋಟದ ವಿಷಯ ಹೇಳುತ್ತೇನೆ, ನೀನು ಬೇರೆ ಯಾರಿಂದಲೋ ಕೇಳುವುದು ಬೇಡ. ಮೇಲಿನ ಸಾಲುಗಳನ್ನು ಬಿಟ್ಟುಬಿಟ್ಟೆ. ಬೇರು ಕೀಳಿಸುವುದಿಲ್ಲ, ಕಾಡು ಬರುವುದಾದರೆ ಬರಲಿ. ನಡುವಿನ ಸಾಲುಗಳನ್ನು ಪೆಪಿಯ ಅಳಿಯ ಪಾಲಿಗೆ ಮಾಡುತ್ತಾನೆ. ಇಳಿಜಾರಿನ ಸಾಲುಗಳು ನನ್ನವೇ. ಈ ಸಲ ಅವುಗಳ ಚಾಟ್ನಿ ತಡವಾಗುತ್ತದೆ. ಬಳ್ಳಿ ಸಾಯುವುದಿಲ್ಲ, ಹಣ್ಣು ಕಡಿಮೆ ಬರಬಹುದು. ಮಗುವಿನ ಮನಸ್ಸು ತಿಳಿಯಾಗುವವರೆಗೆ ಅಲ್ಲಿರುತ್ತೇನೆ. ಆಮೇಲೆ ಅವಳೇ ನನ್ನನ್ನು ಸ್ಟೇಷನ್ನಿಗೆ ಬಂದು ಬಿಡಬೇಕು, ನೋಡುತ್ತಾ ನೋಡುತ್ತಾ ಬಿಡಬೇಕು. ಈ ಸಲ ಯಾರೂ ಗಾಣದ ಮನೆಯಲ್ಲಿ ಅವಿತುಕೊಳ್ಳುವುದಿಲ್ಲ.

ಮಲಗಲು ನನಗೆ ಅಡುಗೆಮನೆಯ ಬೆಂಚು ಸಾಕು. ರಾಸಿಮ್‌ಗೆ ಒಣಗಿಸಿದ ಪ್ಲಮ್ ತರುತ್ತಿದ್ದೇನೆ, ನಿನಗೆ ಕುಂಬಳಬೀಜದ ಎಣ್ಣೆ. ವೈನು ನನಗೇ.

ಬ್ರೆದಾಗೆ ಈ ಕಾಗದವನ್ನು ಓದಿ ಹೇಳು. ಪೂರ್ತಿ ಓದು, ಯಾವ ಸಾಲನ್ನೂ ಬಿಡಬೇಡ. ಅಜ್ಜಿ ಶನಿವಾರ ಬೆಳಿಗ್ಗೆ ಬರುತ್ತಾಳೆ ಅಂತ ಹೇಳು. ಹಿಮದಲ್ಲಿ ರೈಲು ತಡವಾಗಬಹುದು, ಅದನ್ನೂ ಹೇಳು.

ಒಟೀಲಿಯಾ